ಬೇಸ್

ಹುಮನಾಬಾದ್ ಬೇಸಿನಾಗ ಇಳದು
ವೆಲ್ಡಿಂಗ್ ಅಂಗಡಿ ದಾಟಿದ್ರ ಜಿಲಾನಿ ಅಪ್ಪನ ಗ್ಯಾರೇಜು.
ಮ್ಯಾಲ ಪತ್ರಾ, ಕೆಳಗ ಶಹಾಬಾದಿ ಪರಸಿ,
ಪರಸಿ ಕುಡದ ಮೂವತ್ತು ವರ್ಷದ ಡೀಸೆಲ್.
ಸಂಜಿ ಏಳರ ತನಕ ಲಾರಿ. ಏಳರ ಮ್ಯಾಲ ನಾವು.

ಇದಕ್ಕ ಗ್ಯಾರೇಜ್ ರಾಕ್ ಅಂತಾರಂತ ಕೇಳಿದಾಗ
ಬ್ಯಾರೆ ಜಾಗ ಸಿಗದವರು ಬಾರಸೋದಕ್ಕೇ ಆ ಹೆಸರು ಅಂತ ತಿಳಕೊಂಡ್ವಿ.
ಭಾಳ ತಪ್ಪೇನೂ ಆಗಿರಲಿಲ್ಲ.

ಸೈಬರ್ ಕೆಫೆ ಬಂದ್ ಮಾಡಿ ಮಾಲಕ ಮಾರಿದ
ಹಾರ್ಡ್ ಡಿಸ್ಕಿನಾಗ ಒಂದು ಫೋಲ್ಡರ್: ಇಂಡಿ.
ಇಂಡಿ ಅಂದ್ರ ನಮಗ ಲಿಂಬಿಹಣ್ಣಿನ ಇಂಡಿ, ಬಿಜಾಪುರ ಕಡೀದು.
ತಗದು ನೋಡಿದ್ರ ಬಿಗಿ ಪ್ಯಾಂಟಿನ ಬಿಳಿ ಹುಡುಗರು,
ಕಣ್ಣಾಗ ಇಳದ ಕೂದಲು,
ಎರಡೂವರಿ ಮಿನಿಟಿನ ಹಾಡುಗಳು,
ಎಲ್ಲಾ ಬಸ್ ತಪ್ಪಿದವರ ಗಡಿಬಿಡಿ.
'ತಿಂಗಳಾಯ್ತು ಇವರು ಕಟಿಂಗಿಗಿ ಕೂತು'
ಅಂದ ಅಂಬಾರಾಯ. ಹಡಪದವರ ಮನಿಯಂವ,
ಯಾರದೇ ಇರಲಿ, ಮೊದಲ ತಲಿ ನೋಡ್ತಿದ್ದ.

ಸೈಬಣ್ಣ ಮದುವಿ ಬ್ಯಾಂಡಿನ ಡ್ರಮ್ಮು.
ಮೆರವಣಿಗಿ ಮುಗಿಸಿ, ಕೆಂಪು ಕೋಟು ತಗೀದೇ ಕೂಡ್ತಿದ್ದ.
ಗಿಟಾರಿಗಿ ಪೆಟ್ಟಿಗಿ ಇರಲಿಲ್ಲ;
ಎಲೆಕ್ಷನ್ ಜೀಪಿನ ಹಳೀ ಭೋಂಗಾ ಜೋಡಿಸಿದ ಜಿಲಾನಿ.
ಅವಾಜ್ ಪೂರಾ ಒಡದು ಬರ್ತಿತ್ತು.
ಡಿಸ್ಕಿನಾಗಿನವರದೂ ಒಡದೇ ಇತ್ತು,
ಹಂಗಾಗಿ ಖುಷಿ.

ನಾ ನಾಕು ತಂತಿಯಂವ.
'ಏನ್ ಬಾರಸ್ತೀಯೋ?' ಕೇಳಿದ್ಲು ಅವ್ವ.
'ಬೇಸ್.'
'ಬೇಸ್ ಬಾರಸ್ತೀನಂತ ನೀನೇ ಹೇಳಕೋಬ್ಯಾಡ,
ಮಂದಿ ಹೇಳಲಿ.'
ಮಂದಿಗಿ ನಾ ಕೇಳಸ್ತಿರಲಿಲ್ಲ.
ನಿಂದ್ರಿಸಿದಾಗ ಮಾತ್ರ
ಏನೋ ಹೋಯ್ತಲ್ಲ ಅಂತ ಎಲ್ಲಾರೂ ತಿರುಗಿ ನೋಡ್ತಿದ್ರು.

ಒಮ್ಮಿ ಸ್ಕೂಟರ್ ರಿಪೇರಿಗಿ ಬಂದ ಡೇವಿಡಪ್ಪ ಮಾಸ್ತರು,
ಮಿಷನ್ ಸಾಲಿ ಇಂಗ್ಲಿಷು, ಕಿವಿ ಕೊಟ್ಟು ಕೇಳಿ ನಕ್ಕರು:
'ಲಂಡನ್ನಿನವರಲ್ಲ ಇವರು. ಮ್ಯಾಲಿನ ಕಡಿಯವರು, ಶೆಫೀಲ್ಡ್.
ಅರ್ಧ ಅಕ್ಷರ ನುಂಗ್ತಾರ. ಇವರ ಮಾತಿಗಿ
ಅಲ್ಲಿ ದೊಡ್ಡ ಮಂದಿ ನಗತಾರ.
ನುಂಗಿದ್ದನ್ನೇ ಹಾಡ್ಯಾರ ನೋಡು, ಹಲ್ಕಟ್ ಹುಡುಗರು.'

ಅಂಬಾರಾಯ ಭೋಂಗಾದ ವೈರ್ ಕಿತ್ತ.
ಪರೀಕ್ಷಾ ಬರೀಲಾಕ ಬೆಂಗಳೂರಿಗಿ ಹೋದಾಗ
ಲಾಡ್ಜಿನ ಕೌಂಟರಿನಂವ ಇವನಿಗಿ
'ಕನ್ನಡದಲ್ಲಿ ಮಾತಾಡಿ' ಅಂದಿದ್ದ.
ಇಂವ ಮಾತಾಡಿದ್ದು ಕನ್ನಡಾನೇ.

ಮರುದಿನ ಮುತ್ಯಾನ ಹಡಪ ಹೊತ್ತು ತಂದ.
ಕತ್ತಿ ಬುಡಕ ಜಂಗು ತಿಕ್ಕಿ
ಬಲ್ಬಿಗಿ ಹಿಡದು ಅಕ್ಷರ ಕೂಡಿಸಿ ಓದಿದ್ವಿ: ಶೆಫೀಲ್ಡ್.
ನಿಜಾಮನ ಕಾಲದಾಗೇ ಬಂದು
ನಮ್ಮ ಓಣಿ ಗದ್ದ ಬೋಳಿಸ್ಯದ ಆ ಊರು.
ಜೊತಿಗಿ ಒಂದು ಹಾಳಿ. ಇಂಗ್ಲಿಷ್ ಒಂದಕ್ಷರ ಇಲ್ಲ.

*ಹನ್ನೊಂದರ ಜೇವರ್ಗಿ ಬಸ್ಸು
ಹತ್ತೂವರಿಗೇ ಹೊಂಟದ
ನಿಂದ್ರೋ ಕಂಡಕ್ಟರಾ
ಆಕಿ ನನ್ನ ಇನ್ನಾ ಪೂರಾ ಬೈದಿಲ್ಲ*

ಒಂದೇ ಶೋ. ಶಹಾಬಜಾರಿನ ಮದುವಿ,
ಸೈಬಣ್ಣನ ಬ್ಯಾಂಡಿನ ಹಾಡುವಂವಗ ಗಂಟಲು ಹೋಗಿತ್ತು.
ಮೂರನೇ ಹಾಡಿಗಿ ಕುದುರಿ ಕುಣೀತು.
ಬೆದರೀತು, ಅಂದ ವರನ ಕಾಕಾ,
ಬಂದ್ ಮಾಡಲಾಕ ಐನೂರಾ ಒಂದು ಕೊಟ್ಟ.
ಪರಾತದಾಗಿನ ಬಿರಿಯಾನಿ ಉಂಡು ಬಂದ್ವಿ.

ಆಮ್ಯಾಲ ಏನು, ಯಾವ ಜಗಳಾನೂ ಆಗಲಿಲ್ಲ.
ಒಂದು ವಾರ ಒಬ್ಬ ಬರಲಿಲ್ಲ, ಮರುವಾರ ಇಬ್ಬರು.
ಈಗ ಅಲ್ಲಿ ಟೈರಿನ ಶೋರೂಮ್ ಅದ, ಗಾಜಿಂದು.
ಪರಸಿ ಕಿತ್ತು ಹೊಳಿಯೋ ಟೈಲ್ಸ್ ಹಾಕ್ಯಾರ.

ನಾ ಜೆಸ್ಕಾಂದಾಗ ಲೈನ್‌ಮನ್.
ಟ್ರಾನ್ಸ್‌ಫಾರ್ಮರ್ ಗುಂಯ್ ಅಂತದಲ್ಲ,
ಅದು ನನ್ನ ತೆಳ್ಳನ ತಂತಿ, ಬೆರಳಿಡದೇ ಬಿಟ್ಟಿದ್ದು,
ಕೂದಲೆಳಿಯಷ್ಟು ಏರಿ.
ಹಗಲೆಲ್ಲಾ, ರಾತ್ರಿಯೆಲ್ಲಾ, ಊರ ತುಂಬ,
ಯಾರಿಗೂ ಕೇಳಸಲ್ಲ.
ಮೇ ತಿಂಗಳ ಕೆಂಡದಾಗ ರಿಪೇರಿಗಂತ ಲೈನ್ ತಗದೆ ಅಂದ್ರ
ಓಣಿಗಿ ಓಣಿ ಹೊರಗ ಬಂದು ಕಂಬ ನೋಡತದ.

ಫೋನ್ ಬಡಕೋತದ. ಎತ್ತಿದ್ರ
ಸಲೂನಿನಾಗ ಅರ್ಧ ಗಡ್ಡ ಬಿಟ್ಟು ಕೂತ ಅಂಬಾರಾಯ:
'ಏ ಬೇಸ್, ಎಷ್ಟೊತ್ತೋ?'